ಮಣೆ ಸೀಳುವುದೇಕೆ?

ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುವುದೂ, ಶಿವರಾತ್ರಿಯ ಹೊತ್ತಿಗೆ ಅದೇ ಬಾಗಿಲು ಸಡಿಲವಾಗಿ ಸಂದಿನಲ್ಲಿ ಬೆಳಕು ಕಾಣುವುದೂ ಕನ್ನಡ ನಾಡಿನ ಮನೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ಅದರ ಕಾರಣವನ್ನು ಕೇಳುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ. ಆದರೆ ಹಿತ್ತಿಲಿನಲ್ಲೋ ಕಾರು ನಿಲ್ಲಿಸುವ ಮಾಡಿನಡಿಯಲ್ಲೋ ಒಂದು ಗಟ್ಟಿ ಮೇಜು ಹೂಡಿಕೊಂಡು ಗರಗಸ, ಉಳಿ ಹಿಡಿಯಲು ಹೊರಟ ಹವ್ಯಾಸಿಗೆ ಈ ಬಾಗಿಲೇ ಮೊದಲ ಪಾಠ. ಮನೆಯ ಕಾರ್ಯಾಗಾರದಲ್ಲಿ ಕೈಚಳಕ ಸಾಲದೆ ಕೆಡುವ ಕೆಲಸಗಳಿಗಿಂತ, ಮರ ಹಿಗ್ಗುತ್ತದೆ ಮತ್ತು ಕುಗ್ಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಕೆಡುವ ಕೆಲಸಗಳೇ ಹೆಚ್ಚು. ಚೆನ್ನಾಗಿ ಹೊಳಪು ಕೊಟ್ಟ ಪೀಠ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ನಡುವೆ ಸೀಳಿಕೊಂಡರೆ, ದೋಷವಿರುವುದು ಮರದ ಜಾತಿಯಲ್ಲಾಗಲಿ ಅಂಟಿನ ಗುಣದಲ್ಲಾಗಲಿ ಅಲ್ಲ. ಆ ಮರವನ್ನು ಕದಲದಂತೆ ಕಟ್ಟಿಹಾಕಿದ ರೀತಿಯಲ್ಲಿ.

ಮರವನ್ನು ಉದ್ದಕ್ಕೆ ಒತ್ತಾಗಿ ಜೋಡಿಸಿಟ್ಟ ಅತಿ ಸಣ್ಣ ಕೊಳವೆಗಳ ಕಟ್ಟು ಎಂದು ಕಲ್ಪಿಸಿಕೊಳ್ಳಬಹುದು. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೊಳವೆಗಳ ಪೊಳ್ಳಿನಲ್ಲಿ ತುಂಬಿಕೊಂಡಿರುವ ಮುಕ್ತ ನೀರು ಒಂದು, ಕೊಳವೆಯ ಗೋಡೆಯೊಳಗೇ ಸೆಲ್ಯುಲೋಸಿಗೆ ಅಂಟಿಕೊಂಡಿರುವ ಬಂಧಿತ ನೀರು ಇನ್ನೊಂದು. ಮರ ಒಣಗುವಾಗ ಮುಕ್ತ ನೀರು ಮೊದಲು ಹೋಗುತ್ತದೆ, ಅದರಿಂದ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ತೇವಾಂಶ, ಅಂದರೆ ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿದಾಗ ಅದರಲ್ಲಿರುವ ನೀರಿನ ತೂಕ, ಶೇ. 28–30ರ ಆಸುಪಾಸಿಗೆ ಇಳಿದಾಗ ಪೊಳ್ಳು ಬರಿದಾಗಿ ಗೋಡೆಗಳು ಮಾತ್ರ ನೆನೆದಿರುತ್ತವೆ. ಈ ಹಂತಕ್ಕೆ ನಾರಿನ ಸಂತೃಪ್ತಿ ಬಿಂದು ಎಂದು ಹೆಸರು. ಅಲ್ಲಿಂದ ಕೆಳಗೆ ಇಳಿಯುವ ಪ್ರತಿಯೊಂದು ಅಂಶಕ್ಕೂ ಗೋಡೆಗಳು ತೆಳ್ಳಗಾಗುತ್ತ ಮರ ಕುಗ್ಗುತ್ತದೆ, ತೇವ ಮರಳಿದರೆ ಮತ್ತೆ ಹಿಗ್ಗುತ್ತದೆ. ಸೆಲ್ಯುಲೋಸಿನ ಎಳೆಗಳು ಬಹುಮಟ್ಟಿಗೆ ಕೊಳವೆಯ ಉದ್ದಕ್ಕೇ ಹಾಯ್ದಿರುವುದರಿಂದ ನೀರು ಅವುಗಳ ನಡುವೆ ಸೇರಿಕೊಂಡು ಅವನ್ನು ಪಕ್ಕಕ್ಕೆ ತಳ್ಳಬಲ್ಲುದೇ ಹೊರತು ಉದ್ದಕ್ಕೆ ಎಳೆಯಲಾರದು. ಹೀಗಾಗಿ ಹಲಗೆಯ ಉದ್ದ ವರ್ಷವಿಡೀ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ, ಅಗಲ ಮಾತ್ರ ಋತುವಿನೊಡನೆ ಬದಲಾಗುತ್ತದೆ.

ಅಗಲದ ಈ ಬದಲಾವಣೆಯೂ ಎಲ್ಲ ಹಲಗೆಗಳಲ್ಲಿ ಒಂದೇ ಸಮನಲ್ಲ. ಹಲಗೆಯ ತುದಿಯನ್ನು ನೋಡಿದಾಗ ವಾರ್ಷಿಕ ಉಂಗುರಗಳು ಅಗಲದ ಮುಖಕ್ಕೆ ಲಂಬವಾಗಿ ನಿಂತಿದ್ದರೆ ಕುಗ್ಗುವಿಕೆ ಕಡಿಮೆ, ಉಂಗುರಗಳು ಮುಖಕ್ಕೆ ಸಮಾನಾಂತರವಾಗಿ ಮಲಗಿದ್ದರೆ ಸುಮಾರು ಎರಡು ಪಟ್ಟು. ಸ್ಥಿರತೆಗೆ ಹೆಸರಾದ ತೇಗವನ್ನೇ ತೆಗೆದುಕೊಂಡರೆ, ಹಸಿಯಿಂದ ಪೂರ್ತಿ ಒಣಗುವವರೆಗೆ ಉಂಗುರ ನಿಂತ ದಿಕ್ಕಿನಲ್ಲಿ ಶೇ. 2.5ರಷ್ಟು, ಉಂಗುರ ಮಲಗಿದ ದಿಕ್ಕಿನಲ್ಲಿ ಶೇ. 5.8ರಷ್ಟು ಅದು ಕುಗ್ಗುತ್ತದೆ. ಮಲಗಿದ ಉಂಗುರದ ಹಲಗೆಗೆ ಇನ್ನೊಂದು ಚಾಳಿಯೂ ಉಂಟು: ಒಣಗುವಾಗ ಬಾಗಿದ ಉಂಗುರಗಳು ನೇರವಾಗಲು ಹವಣಿಸುವಂತೆ ತೋರುತ್ತ, ತೊಗಟೆಯ ಕಡೆಯ ಮುಖ ತಟ್ಟೆಯಂತೆ ತಗ್ಗಾಗಿ ಚೇಗಿನ ಕಡೆಯ ಮುಖ ಉಬ್ಬುತ್ತದೆ. ಡಿಪೊದಲ್ಲಿ ಹಲಗೆಯ ಮುಖದ ಚಿತ್ತಾರವನ್ನಷ್ಟೇ ನೋಡಿ ಮನಸೋಲುವ ಗ್ರಾಹಕ ತುದಿಯನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಮುಂದಿನ ಅರ್ಧ ತೊಂದರೆಯನ್ನು ಅಲ್ಲಿಯೇ ಬಿಟ್ಟು ಬರಬಹುದು.

ಗಾಳಿಯ ತೇವಕ್ಕೂ ಮರದ ತೇವಕ್ಕೂ ಒಂದು ಖಚಿತ ಸಂಬಂಧವಿದೆ. ನಮ್ಮ ಹವೆಯ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇರುವಾಗ ಮರ ಸುಮಾರು ಶೇ. 9ರ ತೇವದಲ್ಲಿ ನೆಲೆಗೊಳ್ಳುತ್ತದೆ, ಶೇ. 65ಕ್ಕೆ ಸುಮಾರು 12, ಶೇ. 80ಕ್ಕೆ ಸುಮಾರು 16. ಕರಾವಳಿಯ ಆಷಾಢವನ್ನೂ ಕಲಬುರಗಿಯ ಏಪ್ರಿಲನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ರಾಜ್ಯದೊಳಗೆ ಒಂದೇ ಹಲಗೆ ಎಷ್ಟು ಬೇರೆಯಾಗಿ ವರ್ತಿಸಬೇಕಾಗುತ್ತದೆ ಎಂಬುದು ತಿಳಿಯುತ್ತದೆ. ಭಾರತೀಯ ಮಾನಕಗಳಲ್ಲಿ ಐಎಸ್ 287 ಎಂಬುದು ಇದೇ ಕಾರಣಕ್ಕೆ ದೇಶವನ್ನು ಹವೆಯ ಆರ್ದ್ರತೆಗೆ ಅನುಗುಣವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿ, ಆಯಾ ವಲಯದಲ್ಲಿ ಬಳಸುವ ಮರದಲ್ಲಿ ಎಷ್ಟು ತೇವ ಇರಬಹುದೆಂದು ಹೇಳುತ್ತದೆ. ಮಂಗಳೂರಿನ ಕಡೆಯ ಮಣೆಯನ್ನು ಕೆನಡಾಕ್ಕೋ ಅಮೆರಿಕದ ಉತ್ತರ ಭಾಗಕ್ಕೋ ಒಯ್ದ ಕುಟುಂಬ ಚಳಿಗಾಲದಲ್ಲಿ ಅದು ಟಪ್ಪೆಂದು ಸೀಳಿದ್ದನ್ನು ಅಪಶಕುನವೆಂದು ಭಾವಿಸಬೇಕಾಗಿಲ್ಲ; ಕಾಯಿಸಿದ ಮನೆಯೊಳಗಿನ ಒಣಗಾಳಿ ಮರದ ತೇವವನ್ನು ಶೇ. 5–6ರವರೆಗೂ ಇಳಿಸಬಲ್ಲುದು.

ಮಣೆಯ ಪ್ರಸ್ತಾಪ ಇಲ್ಲಿ ಸುಮ್ಮನೆ ಬಂದುದಲ್ಲ. ಮನೆಯಲ್ಲಿ ಮರಗೆಲಸ ಕಲಿಯುವವರಿಗೆ ವಿದೇಶಿ ಕೈಪಿಡಿಗಳು ಹಕ್ಕಿಗೂಡನ್ನೋ ಪುಸ್ತಕದ ಕಪಾಟನ್ನೋ ಮೊದಲ ಕೆಲಸವೆಂದು ಸೂಚಿಸುವುದು ವಾಡಿಕೆ. ಆದರೆ ಊಟದ ಮಣೆ, ಹಸೆಮಣೆ, ಈಳಿಗೆಮಣೆ, ತುರಿಮಣೆ, ಚನ್ನೆಮಣೆ ಎಂದು ಒಂದು ಹಲಗೆಗೆ ಇಷ್ಟು ಕೆಲಸ ಹಚ್ಚಿದ ಭಾಷೆಯಲ್ಲಿ ಮೊದಲ ಕೆಲಸ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಕುಳಿತುಕೊಳ್ಳುವ ಮಣೆ ಎಂದರೆ ಒಂದು ಅಗಲ ಹಲಗೆ, ಅದರ ಅಡಿಯಲ್ಲಿ ಎರಡು ಅಡ್ಡಪಟ್ಟಿ, ಅಷ್ಟೇ. ಈ ಅಡ್ಡಪಟ್ಟಿಗಳು ಮಣೆಯನ್ನು ನೆಲದಿಂದ ಎತ್ತಿ ಹಿಡಿಯುವುದರ ಜೊತೆಗೆ ಹಲಗೆ ತಟ್ಟೆಯಂತೆ ಬಾಗದಂತೆ ತಡೆಯುತ್ತವೆ, ತೊಡಕಿರುವುದೂ ಅಲ್ಲಿಯೇ. ಹಲಗೆಯ ಅಗಲ ಹಿಗ್ಗಿ ಕುಗ್ಗುವ ದಿಕ್ಕಿನಲ್ಲಿಯೇ ಪಟ್ಟಿಯ ಉದ್ದ ಚಾಚಿಕೊಂಡಿರುತ್ತದೆ, ಆ ಉದ್ದವೋ ಬದಲಾಗುವುದೇ ಇಲ್ಲ. ಬದಲಾಗುವುದನ್ನು ಬದಲಾಗದುದಕ್ಕೆ ಬಿಗಿದು ಕಟ್ಟಬೇಕಾದ ಈ ಸಮಸ್ಯೆ ಮೇಜು, ಬಾಗಿಲು, ಪೆಟ್ಟಿಗೆ, ಮಂಚಗಳಲ್ಲೆಲ್ಲ ಬೇರೆ ಬೇರೆ ವೇಷದಲ್ಲಿ ಎದುರಾಗುವುದರಿಂದ ಒಂದು ಮಣೆಯನ್ನು ಸರಿಯಾಗಿ ಮಾಡಿದವರು ಮುಂದಿನ ಕೆಲಸಗಳ ಬಹುಪಾಲು ತರ್ಕವನ್ನು ಅಷ್ಟರಲ್ಲೇ ಕಲಿತಿರುತ್ತಾರೆ.

450 ಮಿ.ಮೀ. ಉದ್ದ, 300 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ತೇಗದ ಮಣೆಯೊಂದನ್ನು ಊಹಿಸಿಕೊಂಡು ಲೆಕ್ಕ ಹಾಕಬಹುದು. ಮಳೆಗಾಲದ ಶೇ. 16ರಿಂದ ಬೇಸಿಗೆಯ ಶೇ. 9ಕ್ಕೆ ಅದರ ತೇವ ಇಳಿದರೆ, ಉಂಗುರ ಮಲಗಿದ ಹಲಗೆಯಾಗಿದ್ದ ಪಕ್ಷದಲ್ಲಿ ಅಗಲ ಸುಮಾರು 4 ಮಿ.ಮೀ. ಕುಗ್ಗುತ್ತದೆ, ಉಂಗುರ ನಿಂತ ಹಲಗೆಯಾಗಿದ್ದರೆ 2 ಮಿ.ಮೀ.ಗಿಂತ ತುಸು ಕಡಿಮೆ. ಒಣಗಿದಾಗ 2 ಕಿಲೋದಷ್ಟು ತೂಗುವ ಈ ಮಣೆ ಎರಡು ಋತುಗಳ ನಡುವೆ ಸುಮಾರು 140 ಗ್ರಾಂ ನೀರನ್ನು, ಅಂದರೆ ಒಂದು ಸಣ್ಣ ಲೋಟದಷ್ಟನ್ನು, ಯಾರ ಕಣ್ಣಿಗೂ ಬೀಳದಂತೆ ಗಾಳಿಯಿಂದ ಪಡೆದು ಗಾಳಿಗೇ ಹಿಂದಿರುಗಿಸುತ್ತದೆ. ನಾಲ್ಕು ಮಿಲಿಮೀಟರ್ ಅಲ್ಪವೆಂದು ತೋರಬಹುದು. ಆದರೆ ಮೊಳೆ ಮತ್ತು ಅಂಟಿನಿಂದ ಪಟ್ಟಿಗೆ ಬಿಗಿದ ಹಲಗೆಗೆ ಆ ನಾಲ್ಕು ಮಿಲಿಮೀಟರನ್ನು ಎಲ್ಲಿಂದಲಾದರೂ ತಂದುಕೊಳ್ಳದೆ ವಿಧಿಯಿಲ್ಲ, ಅದು ತಂದುಕೊಳ್ಳುವ ದಾರಿಯೇ ಸೀಳು.

ಮರದ ಆಯ್ಕೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ತೇಗ ಒಳ್ಳೆಯದೇ, ಆದರೆ ದುಬಾರಿ, ಅದರಲ್ಲಿರುವ ಸಿಲಿಕಾದಿಂದಾಗಿ ಉಳಿಯ ಅಲಗು ಬೇಗ ಮೊಂಡಾಗುತ್ತದೆ. ಹಲಸು ಮಣೆಗೆ ಹೇಳಿ ಮಾಡಿಸಿದ ಮರ. ಕೊಯ್ದಾಗ ಹಳದಿಯಾಗಿದ್ದು ಬೆಳಕು ತಗುಲುತ್ತ ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಬೇವಿನಲ್ಲಿ ಎಳೆಗಳು ಒಂದಕ್ಕೊಂದು ವಿರುದ್ಧವಾಗಿ ಹೆಣೆದುಕೊಂಡಿರುವುದರಿಂದ ಹೊಸಬರ ಕೈಯಲ್ಲಿ ಮೈ ಕಿತ್ತು ಬರುತ್ತದೆ. ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ, ಮೂಲತಃ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಅಗ್ಗ, ಅಭ್ಯಾಸಕ್ಕೆ ಸಾಕು. ಸಾ ಮಿಲ್‌ಗಳಲ್ಲಿ ಬೆಲೆ ಹೇಳುವುದು ಘನ ಅಡಿಯ ಲೆಕ್ಕದಲ್ಲಿ: ಅಡಿಗಳಲ್ಲಿ ಉದ್ದ, ಅಂಗುಲಗಳಲ್ಲಿ ಅಗಲ ಮತ್ತು ದಪ್ಪ, ಇವುಗಳ ಗುಣಲಬ್ಧವನ್ನು 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಮೇಲಿನ ಮಣೆಗೆ ಬೇಕಾದದ್ದು ಹೆಚ್ಚುಕಡಿಮೆ ಒಂದು ಘನ ಅಡಿಯ ಎಂಟನೆಯ ಒಂದು ಭಾಗ; ಪಟ್ಟಿಗಳನ್ನೂ ಕೆಡುವ ಮರವನ್ನೂ ಸೇರಿಸಿದರೆ ಕಾಲು ಘನ ಅಡಿ.

ಇತ್ತೀಚೆಗೆ ನಗರಗಳಲ್ಲಿ ಹವ್ಯಾಸಿಗಳಿಗೆ ಸುಲಭವಾಗಿ ಸಿಗುತ್ತಿರುವುದು ಸಾಗಣೆಯ ಪ್ಯಾಲೆಟ್‌ಗಳ ಪೈನ್ ಮರ. ಇವುಗಳ ಮೇಲೆ ತೆನೆಯ ಗುರುತಿನೊಡನೆ ಇರುವ ಅಚ್ಚನ್ನು ಓದಲು ಕಲಿಯುವುದು ಅಗತ್ಯ. ಎಚ್‌ಟಿ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕನಿಷ್ಠ 30 ನಿಮಿಷ ಇರುವಂತೆ ಕಾಯಿಸಿ ಹುಳುಗಳನ್ನು ಕೊಂದಿದ್ದಾರೆ ಎಂದರ್ಥ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದಾರೆ ಎಂದರ್ಥ, ಅಂಥ ಮರವನ್ನು ಮನೆಯೊಳಗಿನ ವಸ್ತುಗಳಿಗೆ ಬಳಸದಿರುವುದೇ ಲೇಸು. ಎಚ್‌ಟಿ ಎಂಬುದು ಹುಳು ಸತ್ತುದರ ಪ್ರಮಾಣವೇ ಹೊರತು ಮರ ಒಣಗಿದುದರ ಪ್ರಮಾಣವಲ್ಲ ಎಂಬುದನ್ನು ಹಲವರು ಮರೆಯುತ್ತಾರೆ.

ಮರ ಒಣಗಿದೆಯೇ ಎಂದು ತಿಳಿಯಲು ಬೆಲೆಬಾಳುವ ಮೀಟರ್ ಇಲ್ಲದೆಯೂ ಸಾಧ್ಯ. ಹಲಗೆಯ ತುದಿಯಿಂದ ಒಂದು ಗೇಣು ಒಳಗೆ ಸಣ್ಣ ತುಂಡೊಂದನ್ನು ಕೊಯ್ದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಓವನ್ನಿನಲ್ಲಿ 103 ಡಿಗ್ರಿಯ ಸುಮಾರಿಗೆ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಬೇಕು. 60 ಗ್ರಾಂ ಇದ್ದ ತುಂಡು 50 ಗ್ರಾಂಗೆ ನಿಂತರೆ ಹೋದ 10 ಗ್ರಾಂ ನೀರು ಒಣತೂಕದ ಶೇ. 20, ಅಂದರೆ ಆ ಹಲಗೆ ಇನ್ನೂ ಕೆಲಸಕ್ಕೆ ಬಾರದು. ಇಷ್ಟೂ ಬೇಡವೆನಿಸಿದರೆ ಹಲಗೆಗಳ ನಡುವೆ ಸಮದಪ್ಪದ ರೀಪುಗಳನ್ನು ಅಡ್ಡಲಾಗಿಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿ, ವಾರಕ್ಕೊಮ್ಮೆ ಒಂದು ಹಲಗೆಯನ್ನು ತೂಗಿ ಬರೆದಿಡುತ್ತ ಹೋದರೆ, ತೂಕ ಒಂದೆಡೆ ನಿಂತಾಗ ಮರ ಆ ಮನೆಯ ಹವೆಗೆ ಹೊಂದಿಕೊಂಡಿದೆ ಎಂದು ತಿಳಿಯಬಹುದು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕ ಹಸಿ ಮರಕ್ಕೆ ಸಂಬಂಧಿಸಿದ್ದು. ಕೊಯ್ದ ತುದಿಗಳಿಂದ ನೀರು ಬಲು ವೇಗವಾಗಿ ಹೊರಡುವುದರಿಂದ ಅಲ್ಲಿ ಬಿರುಕು ಮೊದಲು ಕಾಣಿಸಿಕೊಳ್ಳುತ್ತದೆ, ಆದ್ದರಿಂದ ತುದಿಗಳಿಗೆ ಮೇಣವನ್ನೋ ಉಳಿದ ಪೇಂಟನ್ನೋ ಬಳಿದಿಡುವುದು ರೂಢಿ.

300 ಮಿ.ಮೀ. ಅಗಲದ ಒಂದೇ ಹಲಗೆ ಸಿಗುವುದು ಅಪರೂಪವಾದ್ದರಿಂದ ಎರಡು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಬೇಕಾಗುತ್ತದೆ. ಇಲ್ಲಿ ಮುಖ್ಯ ಉಪಕರಣ ಕೆಲವೆಡೆ ಉಜ್ಜುಗೊರಡು, ಕೆಲವೆಡೆ ಹತ್ತರಿ ಎನಿಸಿಕೊಳ್ಳುವ ಮರ ಹೆರೆಯುವ ಸಾಧನ. ಅದರ ಅಲಗನ್ನು ಸುಮಾರು 25 ಡಿಗ್ರಿಯ ಇಳಿಜಾರಿಗೆ ಸಾಣೆ ಹಿಡಿದು, ತುದಿಯನ್ನು ಮಾತ್ರ 30 ಡಿಗ್ರಿಯಲ್ಲಿ ನಯಗೊಳಿಸಿ, ಮುಂಗೈಯ ಕೂದಲು ಬೋಳಿಸುವಷ್ಟು ಹರಿತ ಮಾಡದೆ ಕೆಲಸಕ್ಕೆ ಇಳಿಯುವುದು ವ್ಯರ್ಥ ಶ್ರಮ. ಹೊಸಬರ ಬಹುಪಾಲು ನಿರಾಸೆಗೆ ಮೊಂಡು ಅಲಗೇ ಕಾರಣವೆನ್ನಬೇಕು. ಎರಡು ಹಲಗೆಗಳನ್ನು ಪುಸ್ತಕ ಮಡಚಿದಂತೆ ಮುಖಕ್ಕೆ ಮುಖ ಸೇರಿಸಿ ಎರಡೂ ಅಂಚುಗಳನ್ನು ಒಟ್ಟಿಗೆ ಹೆರೆದರೆ, ಕೈ ತುಸು ಓರೆಯಾದರೂ ಒಂದರ ಓರೆ ಇನ್ನೊಂದರ ಓರೆಯನ್ನು ಸರಿದೂಗಿಸಿ, ಬಿಡಿಸಿಟ್ಟಾಗ ಹಲಗೆ ಸಮತಟ್ಟಾಗುತ್ತದೆ. ಕೂಡಿಸಿದ ಅಂಚುಗಳನ್ನು ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ತೂರಬಾರದು. ಎಳೆಗೆ ಎಳೆ ಒತ್ತಿಕೊಂಡ ಇಂಥ ಅಂಚುಜೋಡಣೆಗೆ ಮಾರುಕಟ್ಟೆಯಲ್ಲಿ ಫೆವಿಕಾಲ್ ಎಂದೇ ಜನ ಕೇಳುವ ಬಿಳಿ ಅಂಟು, ಅಂದರೆ ಪಾಲಿವಿನೈಲ್ ಅಸಿಟೇಟ್, ಸಾಕು; ಚೆನ್ನಾಗಿ ಕೂಡಿದ ಜೋಡಣೆಯನ್ನು ಬಲವಂತವಾಗಿ ಮುರಿದರೆ ಮುರಿಯುವುದು ಅಂಟಲ್ಲ, ಪಕ್ಕದ ಮರ. ಎರಡೂ ಹಲಗೆಗಳು ಒಂದೇ ದಿಕ್ಕಿನಲ್ಲಿ ಹಿಗ್ಗಿ ಕುಗ್ಗುವುದರಿಂದ ಇಲ್ಲಿ ಅಂಟು ಹಾಕಲು ಯಾವ ಅಳುಕೂ ಬೇಡ. ಆದರೆ ಅದೇ ಅಂಟು ಹಲಗೆಯ ಕೊಯ್ದ ತುದಿಗೆ ಹತ್ತುವುದಿಲ್ಲ, ಕೊಳವೆಗಳ ತೆರೆದ ಬಾಯಿ ಅದನ್ನು ಹೀರಿಕೊಂಡುಬಿಡುತ್ತದೆ.

ಇನ್ನು ಅಡ್ಡಪಟ್ಟಿ. ಸುಲಭದ ಸರಿದಾರಿ ತಿರುಪುಮೊಳೆಯದು. ಪ್ರತಿ ಪಟ್ಟಿಯಲ್ಲೂ ಮೂರು ರಂಧ್ರ ಕೊರೆದು, ನಡುವಿನದನ್ನು ಮಾತ್ರ ಗುಂಡಗೆ ತಿರುಪಿನ ಅಳತೆಗೆ ಬಿಟ್ಟು, ಎರಡು ಬದಿಯವನ್ನು ಪಟ್ಟಿಯ ಉದ್ದಕ್ಕೆ ನಾಲ್ಕೈದು ಮಿಲಿಮೀಟರ್ ಹಿಗ್ಗಿಸಿ ಕಿಂಡಿಯಂತೆ ಮಾಡಬೇಕು. ನಡುವಿನ ತಿರುಪು ಹಲಗೆಯನ್ನು ಪಟ್ಟಿಯ ನಡುವಿಗೆ ನೆಲೆಗೊಳಿಸುತ್ತದೆ, ಬದಿಯ ತಿರುಪುಗಳು ಹಲಗೆಯನ್ನು ಬಾಗದಂತೆ ಒತ್ತಿ ಹಿಡಿಯುತ್ತಲೇ ಅದು ಎರಡೂ ಕಡೆಗೆ ಸರಿಯಲು ಎಡೆ ಕೊಡುತ್ತವೆ. ತಿರುಪಿನ ತಲೆಯಡಿ ಒಂದು ವಾಷರ್ ಇಟ್ಟು, ಎಳೆಗಳಿಗೆ ಸ್ವಲ್ಪ ಸಾಬೂನು ಸವರಿದರೆ ಕೆಲಸ ಇನ್ನೂ ಸಲೀಸು. ಅಂಟು ಮಾತ್ರ ಒಂದು ಹನಿಯೂ ಬೇಡ.

ಕೈ ಪಳಗಿದವರಿಗೆ ಇದಕ್ಕಿಂತ ಸುಂದರವಾದ, ಲೋಹವೇ ಬೇಡದ ದಾರಿಯೊಂದಿದೆ. ಹಲಗೆಯ ಅಡಿಯಲ್ಲಿ ಅಡ್ಡಲಾಗಿ, ದಪ್ಪದ ಮೂರನೆಯ ಒಂದು ಭಾಗದಷ್ಟು, ಅಂದರೆ 8 ಮಿ.ಮೀ. ಆಳಕ್ಕೆ ಗಾಡಿ ಎಂಬ ಉದ್ದನೆಯ ಕಾಲುವೆಯೊಂದನ್ನು ತೋಡುತ್ತಾರೆ. ಆ ಗಾಡಿಯ ಗೋಡೆಗಳು ನೆಟ್ಟಗಿರದೆ ಒಳಗೆ ಹೋದಂತೆ ಅಗಲವಾಗುತ್ತವೆ. ಪಟ್ಟಿಯ ಮೇಲಂಚನ್ನು ಅದೇ ಓರೆಗೆ ಹೆರೆದು, ಪಕ್ಕದಿಂದ ಕೊಡತಿಯಲ್ಲಿ ಮೆಲ್ಲನೆ ಬಡಿಯುತ್ತ ಗಾಡಿಯೊಳಗೆ ಜಾರಿಸುತ್ತಾರೆ. ಪಾರಿವಾಳದ ಬಿಚ್ಚಿದ ಬಾಲದ ಆಕಾರ ಇರುವುದರಿಂದ ಇಂಗ್ಲಿಷಿನಲ್ಲಿ ಡವ್‌ಟೇಲ್ ಎಂದು ಹೆಸರಾದ ಈ ಜೋಡಣೆಯಲ್ಲಿ ಪಟ್ಟಿ ಕೆಳಗೆ ಕಳಚಿ ಬೀಳಲಾರದು, ಹಲಗೆ ಬಾಗಲಾರದು, ಆದರೂ ಹಲಗೆ ತನ್ನ ಅಗಲದಲ್ಲಿ ಪಟ್ಟಿಯ ಮೇಲೆ ಸ್ವತಂತ್ರವಾಗಿ ಜಾರಬಲ್ಲುದು. ಗಟ್ಟಿ ಮರಕ್ಕೆ ಓರೆ ಎಂಟಕ್ಕೆ ಒಂದು, ಮೆದು ಮರಕ್ಕೆ ಆರಕ್ಕೆ ಒಂದು ಇದ್ದರೆ ಸಾಕು. ಅದಕ್ಕಿಂತ ಹೆಚ್ಚಿದರೆ ಚೂಪಾದ ಮೂಲೆಗಳು ಸಿಡಿಯುತ್ತವೆ. ಗಾಡಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒಂದೆರಡು ಮಿಲಿಮೀಟರ್ ಕಿರಿದಾಗುತ್ತ ಹೋಗುವಂತೆ ತೋಡಿದರೆ ಪಟ್ಟಿ ಮೊದಲು ಸಡಿಲವಾಗಿ ಒಳಹೊಕ್ಕು ಕೊನೆಯಲ್ಲಿ ಮಾತ್ರ ಬಿಗಿಯುತ್ತದೆ. ಗುರುತು ಹಾಕಲು ಪೆನ್ಸಿಲಿಗಿಂತ ಚೂಪು ಚಾಕು ಉತ್ತಮ, ಯಾಕೆಂದರೆ ಚಾಕುವಿನ ಗೀಟು ಎಳೆಯನ್ನು ಆಗಲೇ ಕೊಯ್ದಿರುವುದರಿಂದ ಉಳಿಯ ಬಾಯಿ ಅದರೊಳಗೆ ತಾನಾಗಿ ಕೂರುತ್ತದೆ. ಪಟ್ಟಿ ಕಾಲಕ್ರಮದಲ್ಲಿ ಜಾರಿ ಹೊರಬರದಂತೆ ನಡುವೆ ಒಂದೇ ಒಂದು ಮರದ ಗೂಟ ಹೊಡೆದರೆ ತಿರುಪಿನ ಕೆಲಸವನ್ನು ಅದು ಮಾಡುತ್ತದೆ.

ಹಳೆಯ ಮನೆಗಳ ಚೌಕಟ್ಟು ಮತ್ತು ಹಲಗೆಯ ಬಾಗಿಲು ಇದೇ ಯುಕ್ತಿಯ ದೊಡ್ಡ ರೂಪ. ಅಲ್ಲಿ ಕಿರಿದಾದ ಉದ್ದ ಕಟ್ಟುಗಳನ್ನು ಕುಳಿ ಮತ್ತು ನಾಲಿಗೆಯ ಜೋಡಣೆಯಿಂದ ಚೌಕಟ್ಟಾಗಿ ಬಿಗಿದು, ಅಗಲವಾದ ನಡುಹಲಗೆಯನ್ನು ಚೌಕಟ್ಟಿನ ಗಾಡಿಯೊಳಗೆ ಅಂಟಿಲ್ಲದೆ ತೇಲಬಿಡುತ್ತಾರೆ. ಹಲಗೆ ಹಿಗ್ಗಿದರೆ ಗಾಡಿಯೊಳಗೇ ಹಿಗ್ಗುತ್ತದೆ, ಬಾಗಿಲಿನ ಹೊರ ಅಳತೆ ಕಿರಿದಾದ ಕಟ್ಟುಗಳ ಚಲನೆಯಷ್ಟೇ ಬದಲಾಗುತ್ತದೆ. ಅಂಥ ಬಾಗಿಲಿಗೆ ಬಣ್ಣ ಬಳಿಯುವಾಗ ಹಲಗೆಯ ಸುತ್ತಲಿನ ಸಂದಿಗೆ ಪುಟ್ಟಿ ತುಂಬಿ ಚೊಕ್ಕಟಗೊಳಿಸುವ ಇಂದಿನ ಉತ್ಸಾಹ ಆ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಪ್ಲೈವುಡ್ಡಿನ ಮಾತು ಬೇರೆ. ಒಂದರ ಮೇಲೊಂದು ತೆಳು ಪದರಗಳನ್ನು ಎಳೆ ಅಡ್ಡಡ್ಡ ಬರುವಂತೆ ಅಂಟಿಸಿರುವುದರಿಂದ ಪ್ರತಿ ಪದರದ ಅಗಲವನ್ನು ಪಕ್ಕದ ಪದರದ ಉದ್ದ ತಡೆಹಿಡಿಯುತ್ತದೆ, ಒಟ್ಟು ಹಾಳೆ ಬಹುಮಟ್ಟಿಗೆ ಸ್ಥಿರ. ಒಣಜಾಗಕ್ಕೆ ಐಎಸ್ 303, ನೀರು ತಗಲುವ ಜಾಗಕ್ಕೆ ಐಎಸ್ 710 ಗುರುತಿನ ಹಾಳೆ ತಂದು ಕಪಾಟು ಮಾಡುವವರಿಗೆ ಮೇಲಿನ ಲೆಕ್ಕಗಳಾವುವೂ ಬೇಡ. ಆದರೆ ದಶಕಗಳಿಂದ ಪ್ಲೈವುಡ್ ಒಂದನ್ನೇ ಕೊಯ್ದ ಕೈ ಅಪರೂಪಕ್ಕೆ ಗಟ್ಟಿ ಮರವನ್ನು ಹಿಡಿದಾಗ ಅದನ್ನೂ ಪ್ಲೈವುಡ್ಡಿನಂತೆಯೇ ಬಿಗಿದುಬಿಡುತ್ತದೆ. ಇಂದು ಹೊಸ ದೇವರ ಮಂಟಪಗಳೂ ಊಟದ ಮೇಜುಗಳೂ ಸೀಳುವುದರ ಹಿಂದೆ ಬಹಳ ಸಲ ಇರುವುದು ಈ ಮರೆವು.

ಉಪ್ಪುಕಾಗದ ಉಜ್ಜುವುದು ಎಳೆಯ ದಿಕ್ಕಿನಲ್ಲಿಯೇ ನಡೆಯಬೇಕು, ಮೂಗಿಗೆ ಮುಸುಕು ಇರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹೊಳಪಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತೆಳುವಾಗಿ ಹಲವು ಸಲ ಒರೆಸುವ ಹಳೆಯ ಪಾಲಿಶ್ ಚೆಂದ, ಆದರೆ ನೀರು ನಿಂತರೆ ಬಿಳಿಯ ಕಲೆ ಬೀಳುತ್ತದೆ. ದಿನಬಳಕೆಯ ಮಣೆಗೆ ಅಗಸೆ ಎಣ್ಣೆ ವಾಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು: ಆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಕೂಡುವುದು, ಹಾಗೆ ಕೂಡುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲುದು. ಅದನ್ನು ಬಯಲಲ್ಲಿ ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಬೇಕು. ಯಾವ ಲೇಪವಾದರೂ ಮಣೆಯ ಅಡಿಗೂ ಮೇಲಿನಷ್ಟೇ ಬಳಿಯುವುದು ಅಗತ್ಯ. ಒಂದೇ ಮುಖ ತೇವ ಹೀರಿದರೆ ಹಲಗೆ ಬಾಗುತ್ತದೆ. ಲೇಪ ತೇವದ ಬರಹೋಗುಗಳನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ.

ಕೊನೆಯದಾಗಿ ಪಟ್ಟಿಯ ಉದ್ದದ ಮಾತು. ಹಲಗೆಯ ಅಗಲ 300 ಮಿ.ಮೀ. ಎಂದು ಪಟ್ಟಿಯನ್ನೂ 300ಕ್ಕೇ ಕೊಯ್ದರೆ, ಬೇಸಿಗೆಯಲ್ಲಿ ಹಲಗೆ ಒಳಸರಿದು ಪಟ್ಟಿಯ ತುದಿಗಳು ಎರಡೂ ಬದಿಗೆ ಒಂದೆರಡು ಮಿಲಿಮೀಟರ್ ಹೊರಚಾಚಿ ಕಾಲಿಗೆ ತಾಗುತ್ತವೆ. ಪ್ರತಿ ಬದಿಯಲ್ಲೂ 10 ಮಿ.ಮೀ. ಒಳಗೆ ನಿಲ್ಲುವಂತೆ ಕೊಯ್ದರೆ ಆ ಬಾಧೆ ಇರುವುದಿಲ್ಲ. ಪಟ್ಟಿಯ ತುದಿ ಮುಗಿಯುವ ಕಡೆ ಹಲಗೆಯ ಅಡಿಯಲ್ಲಿ ಚಾಕುವಿನಿಂದ ಒಂದು ಗೀಟು ಎಳೆದು, ಪಕ್ಕದಲ್ಲಿ ತಿಂಗಳ ಹೆಸರು ಬರೆದಿಟ್ಟರೆ, ಮುಂದಿನ ಆಷಾಢದಲ್ಲಿ ಮಣೆಯನ್ನು ಮಗುಚಿ ನೋಡಿದಾಗ ಹಲಗೆ ಎಷ್ಟು ಸರಿದಿದೆ ಎಂಬುದನ್ನು ಅಳತೆಪಟ್ಟಿ ಇಟ್ಟು ಓದಬಹುದು.